ಬಿಸಿಲನ್ನೇ ಒಲೆಯಾಗಿಸಿಕೊಂಡ ಮನೆಗಳು: ಲಡಾಖಿನ ಚಳಿಯಲ್ಲಿ ಸೌರಗೃಹದ ಮೂಲಪಾಠ

ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವವರಿಗೆ ಮೊದಲ ಚಿಂತೆ ಮಳೆಯದು, ಎರಡನೆಯದು ಸೆಕೆಯದು. ಆದ್ದರಿಂದಲೇ ನಮ್ಮ ಹಿರಿಯರು ಹಂಚಿನ ಮಾಡನ್ನು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿ ಇಳಿಸಿದರು. ಮುಂದೆ ಜಗಲಿ ಇಟ್ಟರು. ಮುರಕಲ್ಲಿನ ಗೋಡೆಗೆ ಬಿಸಿಲು ನೇರವಾಗಿ ತಾಗದಂತೆ ನೋಡಿಕೊಂಡರು. ಬಿಸಿಲು ಒಳಗೆ ಬರಬಾರದು, ಗಾಳಿ ಒಳಗೆ ಆಡಬೇಕು ಎಂಬ ಪಾಠವನ್ನು ನಮ್ಮ ಮೇಸ್ತ್ರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಈ ಪಾಠವನ್ನು ಪೂರ್ತಿ ಮಗುಚಿ ಹಾಕಿ ನೋಡಿ. ಬಿಸಿಲು ಒಳಗೆ ಬರಲೇಬೇಕು, ಗಾಳಿ ಮಾತ್ರ ಎಲ್ಲಿಯೂ ನುಸುಳಬಾರದು. ನಮ್ಮದೇ ದೇಶದ ಉತ್ತರ ತುದಿಯ ಲಡಾಖಿನಲ್ಲಿ ಬೆಚ್ಚಗಿನ ಮನೆ ಕಟ್ಟುವ ಸೂತ್ರ ಇದು. ಅಲ್ಲಿನ ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 15-20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದುಂಟು. ಬಾಲ್ದಿಯಲ್ಲಿ ಇಟ್ಟ ನೀರು ಬೆಳಗಾಗುವಾಗ ಕಲ್ಲಿನಂತಾಗಿರುತ್ತದೆ. ಆದರೆ ಅದೇ ಲೇಹ್‌ನಲ್ಲಿ ವರ್ಷದ ಸುಮಾರು 300 ದಿನ ಬಿಸಿಲು ಕಾಣುತ್ತದೆ. ಮಳೆ, ಹಿಮ ಎಲ್ಲ ಸೇರಿದರೂ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ. (ನಮ್ಮಲ್ಲಿ ಜುಲೈ ತಿಂಗಳ ಒಂದೇ ದಿನದಲ್ಲಿ ಇಷ್ಟು ಸುರಿಯುವುದು ಹೊಸತೇನಲ್ಲ.) ಚಳಿ ಕಠಿಣ, ಬಿಸಿಲು ಧಾರಾಳ. ಇವೆರಡೂ ಒಟ್ಟಿಗೆ ಇರುವ ಊರಿನಲ್ಲಿ ಬಿಸಿಲಿನಿಂದಲೇ ಮನೆಯನ್ನು ಬೆಚ್ಚಗಿಡಲು ಸಾಧ್ಯವೇ? ಸಾಧ್ಯ ಎಂದು ಅಲ್ಲಿನ ಹಲವು ಕಟ್ಟಡಗಳು ತೋರಿಸಿಕೊಟ್ಟಿವೆ. ಅವು ಕೆಲಸ ಮಾಡುವ ಬಗೆಯನ್ನು ಇಲ್ಲಿ ತಿಳಿದುಕೊಳ್ಳೋಣ.

ಸೋಲಾರ್ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ತಾರಸಿಯ ಮೇಲಿನ ಫಲಕಗಳು ಅಥವಾ ಬಿಸಿನೀರಿನ ಟ್ಯಾಂಕ್. ನಾವು ಹೇಳಹೊರಟಿರುವುದು ಅದನ್ನಲ್ಲ. ಇಲ್ಲಿ ಪಂಪ್ ಇಲ್ಲ, ಬ್ಯಾಟರಿ ಇಲ್ಲ, ತಂತಿಯೂ ಇಲ್ಲ. ಕಿಟಕಿ, ಗೋಡೆ, ನೆಲ, ಮಾಡು ಇಷ್ಟೇ. ಮನೆಯನ್ನು ಯಾವ ದಿಕ್ಕಿಗೆ ಮುಖ ಮಾಡಿ ಕಟ್ಟಿದ್ದೇವೆ, ಯಾವ ಗೋಡೆಗೆ ಗಾಜು ಇಟ್ಟಿದ್ದೇವೆ, ಏನಿಂದ ಕಟ್ಟಿದ್ದೇವೆ ಎಂಬುದರಿಂದಲೇ ಮನೆ ಹಗಲು ಶಾಖವನ್ನು ಪಡೆದು ರಾತ್ರಿಗೆ ಉಳಿಸಿಕೊಳ್ಳುತ್ತದೆ. ಇದಕ್ಕೆ ‘ಪ್ಯಾಸಿವ್ ಸೋಲಾರ್’ ಎಂದು ಹೆಸರು.

ಒಲೆಯ ಸುತ್ತ ಮುದುಡಿದ ಚಳಿಗಾಲ

ಇದು ಬರಿಯ ವಿಜ್ಞಾನದ ಕುತೂಹಲವಲ್ಲ. ಲಡಾಖ್ ಮರಗಳಿಲ್ಲದ ಶೀತ ಮರುಭೂಮಿ. ಹಳ್ಳಗಳ ಬದಿಯಲ್ಲಿ ನೆಟ್ಟು ಬೆಳೆಸಿದ ಪಾಪ್ಲರ್ ಮತ್ತು ವಿಲೋ ಮರಗಳಿವೆ. ಅವು ಮಾಡಿಗೆ ಬೇಕು, ಉರಿಸಲು ಸಾಕಾಗುವುದಿಲ್ಲ. ಹಾಗಾಗಿ ತಲೆತಲಾಂತರದಿಂದ ಅಲ್ಲಿನ ಉರುವಲು ಎಂದರೆ ದನ, ಯಾಕ್‌ಗಳ ಒಣಗಿದ ಸೆಗಣಿ. ಹೊಲಕ್ಕೆ ಗೊಬ್ಬರವಾಗಬೇಕಾದದ್ದು ಒಲೆಗೆ ಹೋಗುತ್ತದೆ. ಬೇಸಗೆ ಪೂರ್ತಿ ಅದನ್ನು ಹೆಕ್ಕಿ, ಒಣಗಿಸಿ, ತಾರಸಿಯ ಮೇಲೆ ಅಟ್ಟಿ ಹಾಕುವ ಕೆಲಸದ ಹೆಚ್ಚಿನ ಪಾಲು ಹೆಂಗಸರದು ಮತ್ತು ಮಕ್ಕಳದು. ಸೀಮೆಎಣ್ಣೆ, ಅಡುಗೆ ಅನಿಲ, ಕಲ್ಲಿದ್ದಲು ಎಲ್ಲವೂ ಎತ್ತರದ ಕಣಿವೆ ದಾರಿಗಳನ್ನು ದಾಟಿ ಲಾರಿಯಲ್ಲಿ ಬರಬೇಕು.

ಚಳಿಗಾಲದಲ್ಲಿ ಇಡೀ ಮನೆಯನ್ನು ಬಿಸಿಮಾಡುವಷ್ಟು ಉರುವಲು ಯಾರ ಬಳಿಯೂ ಇರಲಿಲ್ಲ. ಹೀಗಾಗಿ ಎಷ್ಟೇ ದೊಡ್ಡ ಮನೆಯಾದರೂ ನಾಲ್ಕೈದು ತಿಂಗಳು ಎಲ್ಲರೂ ಅಡುಗೆಕೋಣೆಯ ಒಲೆಯ ಸುತ್ತಲೇ ಬದುಕುತ್ತಿದ್ದರು. ಊಟ, ನಿದ್ದೆ, ಮಕ್ಕಳ ಓದು, ಅಜ್ಜಿಯ ಕೆಮ್ಮು ಎಲ್ಲವೂ ಒಂದೇ ಕೋಣೆಯಲ್ಲಿ, ಒಂದೇ ಹೊಗೆಯಲ್ಲಿ. ಈ ಹೊಗೆ ಅಲ್ಲಿನ ಹೆಂಗಸರ ಶ್ವಾಸಕೋಶಗಳಿಗೆ ಮಾಡಿದ ಹಾನಿಯನ್ನು ವೈದ್ಯರು ದಾಖಲಿಸಿದ್ದಾರೆ. ಇನ್ನೊಂದು ಅಪಾಯ ಸದ್ದಿಲ್ಲದ್ದು. ಬಾಗಿಲು ಕಿಟಕಿ ಮುಚ್ಚಿ ಇದ್ದಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಕಾರ್ಬನ್ ಮೋನಾಕ್ಸೈಡ್ ಅನಿಲದಿಂದ ನಿದ್ದೆಯಲ್ಲೇ ತೀರಿಹೋದ ಸುದ್ದಿಗಳು ಉತ್ತರ ಭಾರತದಿಂದ ಚಳಿಗಾಲದಲ್ಲಿ ಬರುತ್ತಲೇ ಇರುತ್ತವೆ. ಆದ್ದರಿಂದ ಬಿಸಿಲಿನಿಂದ ಬೆಚ್ಚಗಾಗುವ ಒಂದು ಕೋಣೆ ಎಂದರೆ ಬಡ ಕುಟುಂಬಕ್ಕೆ ಸೆಗಣಿಯ ಉಳಿತಾಯ, ಹೊಗೆಯಿಂದ ಬಿಡುಗಡೆ, ಓದುವ ಮಗುವಿಗೆ ಇನ್ನೊಂದು ಜಾಗ.

ತೆಂಕು ದಿಕ್ಕಿನ ಲೆಕ್ಕ

ಮೊದಲ ಪಾಠ ಸೂರ್ಯನ ದಾರಿಯದು. ಲೇಹ್ ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 33 ಡಿಗ್ರಿ ಮಾತ್ರ ಮೇಲೆ ಇರುತ್ತಾನೆ. ಅಂದರೆ ನೆತ್ತಿಗೆ ಬರುವುದೇ ಇಲ್ಲ. ದಕ್ಷಿಣದ ಕಿಟಕಿಯ ಎದುರಿನಲ್ಲೇ ನಿಂತು ಕೋಣೆಯ ಒಳತನಕ ಇಣುಕುತ್ತಾನೆ. ಜೂನ್ 21ರ ಮಧ್ಯಾಹ್ನ ಇದೇ ಕೋನ ಸುಮಾರು 79 ಡಿಗ್ರಿ. ಆಗ ಬಿಸಿಲು ಮಾಡಿನ ಮೇಲೆ ಬೀಳುತ್ತದೆ, ದಕ್ಷಿಣದ ಗೋಡೆಗೆ ಜಾರಿದಂತೆ ಮಾತ್ರ ತಾಗುತ್ತದೆ. ನಮ್ಮ ಮಂಗಳೂರಿನಲ್ಲಾದರೋ ಜೂನ್‌ನಲ್ಲಿ ಸೂರ್ಯ ನೆತ್ತಿಯನ್ನೂ ದಾಟಿ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರ್‌ನಲ್ಲೂ ಮಧ್ಯಾಹ್ನ ಸುಮಾರು 54 ಡಿಗ್ರಿ ಮೇಲೆಯೇ ಇರುತ್ತಾನೆ.

ಇದರ ಲಾಭವೇನೆಂದರೆ, ಚಳಿದೇಶದಲ್ಲಿ ದಕ್ಷಿಣಕ್ಕೆ ಇಟ್ಟ ಕಿಟಕಿಗೆ ಚಳಿಗಾಲದಲ್ಲೇ ಹೆಚ್ಚು ಬಿಸಿಲು, ಬೇಸಗೆಯಲ್ಲಿ ಕಡಿಮೆ. ನಮಗೆ ಬೇಕಾದದ್ದೂ ಅದೇ. ಕಿಟಕಿಯ ಮೇಲೆ 60 ಸೆಂಟಿಮೀಟರ್ ಚಾಚಿದ ಒಂದು ಛಾವಣಿ ಇದ್ದರೆ ಜೂನ್ ಮಧ್ಯಾಹ್ನ ಅದರ ನೆರಳು 3 ಮೀಟರಿಗೂ ಕೆಳಗೆ ಇಳಿದು ಗಾಜನ್ನು ಪೂರ್ತಿ ಮುಚ್ಚುತ್ತದೆ. ಡಿಸೆಂಬರ್‌ನಲ್ಲಿ ಅದೇ ಛಾವಣಿಯ ನೆರಳು 40 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಯಾರೂ ಗುಂಡಿ ಒತ್ತಬೇಕಾಗಿಲ್ಲ, ಯಾವುದೂ ಕೆಡುವುದಿಲ್ಲ. ಪೂರ್ವ, ಪಶ್ಚಿಮದ ದೊಡ್ಡ ಕಿಟಕಿಗಳಿಗೆ ಈ ಭಾಗ್ಯವಿಲ್ಲ; ಅವು ಚಳಿಗಾಲದಲ್ಲಿ ಸ್ವಲ್ಪವೇ ಬಿಸಿಲು ಕೊಟ್ಟು ಬೇಸಗೆಯಲ್ಲಿ ಬೇಡದಷ್ಟು ಕೊಡುತ್ತವೆ. ಉತ್ತರದ ಕಿಟಕಿಯಂತೂ ಚಳಿಗಾಲದಲ್ಲಿ ಬರಿಯ ಖರ್ಚು.

ನಿಜವಾದ ದಕ್ಷಿಣ ಯಾವುದೆಂದು ಕಂಡುಹಿಡಿಯಲು ದಿಕ್ಸೂಚಿಯೂ ಬೇಡ. ಸಮತಟ್ಟು ನೆಲದಲ್ಲಿ ಒಂದು ಕೋಲನ್ನು ನೇರವಾಗಿ ನೆಟ್ಟು ಮಧ್ಯಾಹ್ನದ ಆಚೀಚೆ ನೆರಳಿನ ತುದಿಯನ್ನು ಗುರುತು ಮಾಡುತ್ತಾ ಹೋದರೆ, ಅತಿ ಗಿಡ್ಡ ನೆರಳು ಬಿದ್ದ ಗೆರೆಯೇ ಉತ್ತರ-ದಕ್ಷಿಣ. ಹದಿನೈದು ಇಪ್ಪತ್ತು ಡಿಗ್ರಿ ಆಚೀಚೆಯಾದರೆ ದೊಡ್ಡ ನಷ್ಟವಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಬೆಟ್ಟದ ಊರಿನಲ್ಲಿ ಜಾಗ ಕೊಳ್ಳುವ ಮೊದಲು ಡಿಸೆಂಬರ್‌ನಲ್ಲಿ ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕು. ಬೇಸಗೆಯಲ್ಲಿ ಚೆಂದವಾಗಿ ಕಂಡ ಜಾಗಕ್ಕೆ ಚಳಿಗಾಲದಲ್ಲಿ ಎದುರಿನ ಬೆಟ್ಟದ ನೆರಳು ಎರಡು ಗಂಟೆಗೇ ಬಿದ್ದುಬಿಡಬಹುದು. ಆಮೇಲೆ ಎಷ್ಟು ಗಾಜು ಹಾಕಿಸಿದರೂ ಪ್ರಯೋಜನವಿಲ್ಲ.

ಗಾಜು ಕೊಡುತ್ತದೆ, ಗಾಜೇ ಕಸಿಯುತ್ತದೆ

ಗಾಜು ಬಿಸಿಲಿನ ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕು ನೆಲಕ್ಕೆ, ಗೋಡೆಗೆ ತಾಗಿ ಶಾಖವಾಗುತ್ತದೆ. ಹಾಗೆ ಬಿಸಿಯಾದ ವಸ್ತುಗಳು ಹೊರಸೂಸುವ ಶಾಖಕಿರಣಗಳನ್ನು ಗಾಜು ನೇರವಾಗಿ ಹೊರಗೆ ಹೋಗಗೊಡುವುದಿಲ್ಲ, ಬಿಸಿಯಾದ ಗಾಳಿಯನ್ನೂ ತಡೆದು ನಿಲ್ಲಿಸುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ದಕ್ಷಿಣಕ್ಕೆ ಗೋಡೆಯ ಬದಲು ಪೂರ್ತಿ ಗಾಜನ್ನೇ ಇಟ್ಟರಾಯಿತಲ್ಲ? ಅನೇಕರು ಎಡವುವುದು ಇಲ್ಲೇ. ನಮ್ಮ ಕರೆಂಟ್ ಬಿಲ್ಲಿನ ಯೂನಿಟ್‌ಗಳಲ್ಲಿಯೇ ಒಂದು ಅಂದಾಜು ಲೆಕ್ಕ ಹಾಕೋಣ. ಚಳಿಗಾಲದ ಒಂದು ನಿರ್ಮಲ ದಿನ ದಕ್ಷಿಣದ ಒಂದು ಚದರ ಮೀಟರ್ ಗಾಜಿನ ಮೂಲಕ ಸುಮಾರು 4 ಯೂನಿಟ್ ಶಾಖ ಒಳಗೆ ಬಂತು ಎಂದಿಟ್ಟುಕೊಳ್ಳಿ. ಒಳಗೆ 15 ಡಿಗ್ರಿ, ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇರುವಾಗ ಒಂಟಿ ಗಾಜಿನ ಒಂದು ಚದರ ಮೀಟರಿನಿಂದ ಸುಮಾರು 170 ವ್ಯಾಟ್ ಶಾಖ ಸೋರಿಹೋಗುತ್ತದೆ. ಸಂಜೆಯಿಂದ ಬೆಳಗಿನವರೆಗೆ 16 ಗಂಟೆಗಳಲ್ಲಿ ಇದು ಸುಮಾರು 2.7 ಯೂನಿಟ್ ಆಯಿತು. ಹಗಲಿನ ಸೋರಿಕೆಯನ್ನೂ ಸೇರಿಸಿದರೆ ಮೂರೂವರೆ ದಾಟುತ್ತದೆ. ಬಂದದ್ದು ನಾಲ್ಕು, ಹೋದದ್ದು ಮೂರೂವರೆ! ಸಂಬಳ ಬಂದ ದಿನವೇ ಸಾಲಗಾರ ಬಾಗಿಲಲ್ಲಿ ನಿಂತ ಹಾಗೆ.

ನಡುವೆ ಗಾಳಿಯ ಅಂತರ ಬಿಟ್ಟು ಎರಡು ಪದರ ಗಾಜು ಹಾಕಿದರೆ ಈ ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಜೊತೆ ಸೂರ್ಯ ಮುಳುಗಿದ ಕೂಡಲೇ ದಪ್ಪನೆಯ ರಜಾಯಿಯಂಥ ಪರದೆಯನ್ನು ಕಿಟಕಿಯ ನಾಲ್ಕೂ ಅಂಚಿಗೆ ಒತ್ತಿ ಕೂರುವಂತೆ ಇಳಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಅಂಚಿನಲ್ಲಿ ಸಂದು ಬಿಟ್ಟು ತೂಗಾಡುವ ಚೆಂದದ ಪರದೆಯಿಂದ ಹೆಚ್ಚು ಉಪಯೋಗವಿಲ್ಲ. ಗಾಜಿಗೆ ತಾಗಿ ತಣ್ಣಗಾದ ಗಾಳಿ ಪರದೆಯ ಅಡಿಯಿಂದ ಹರಿದು ಕೋಣೆಗೆ ಬರುತ್ತಲೇ ಇರುತ್ತದೆ. ನಮ್ಮ ದೃಷ್ಟಿಯಲ್ಲಿ ಸೌರಗೃಹದ ಅತಿ ಅಗ್ಗದ, ಅತಿ ನಿರ್ಲಕ್ಷಿತ ಭಾಗ ಈ ರಾತ್ರಿ ಪರದೆಯೇ. ಮನೆಯವರು ದಿನಕ್ಕೆರಡು ಬಾರಿ ಮಾಡಬೇಕಾದ ಕೆಲಸ ಇದೊಂದೇ. ಅದನ್ನು ಬಿಟ್ಟರೆ ಎಂಜಿನಿಯರ್ ಎಷ್ಟು ಜಾಣನಾದರೂ ಕೋಣೆ ತಣ್ಣಗಾಗುತ್ತದೆ.

ಮಣ್ಣಿನ ಹುಂಡಿ

ಹಗಲು ಬಂದ ಶಾಖವನ್ನು ರಾತ್ರಿಗೆ ಎಲ್ಲಿ ಇಡುವುದು? ತೆಳು ಹಲಗೆಯ ಕೋಣೆಗೆ ದೊಡ್ಡ ಕಿಟಕಿ ಇಟ್ಟರೆ ಮಧ್ಯಾಹ್ನ ಬೆವರು ಬರುತ್ತದೆ, ರಾತ್ರಿ ಎಂಟಕ್ಕೆ ನಡುಕ ಹುಟ್ಟುತ್ತದೆ. ಗಾಳಿ ಶಾಖವನ್ನು ಹಿಡಿದಿಡಲಾರದು. ಅದಕ್ಕೆ ತೂಕವಿರುವ ವಸ್ತು ಬೇಕು: ಮಣ್ಣು, ಕಲ್ಲು, ಇಟ್ಟಿಗೆ, ನೀರು. ಒಂದು ಘನ ಮೀಟರ್ ಮಣ್ಣಿನ ಗೋಡೆ 10 ಡಿಗ್ರಿ ಬಿಸಿಯೇರಿದರೆ ಅದರಲ್ಲಿ ಸುಮಾರು 4 ಯೂನಿಟ್ ಶಾಖ ಕೂತಿರುತ್ತದೆ. ಅಷ್ಟೇ ಗಾತ್ರದ ನೀರಿನಲ್ಲಾದರೆ 11 ಯೂನಿಟ್‌ಗೂ ಹೆಚ್ಚು. ಹೀಗಾಗಿ ಕೆಲವರು ಗಾಜಿನ ಹಿಂದೆ ಕಪ್ಪು ಬಣ್ಣ ಬಳಿದ ನೀರಿನ ಡ್ರಮ್‌ಗಳನ್ನು ಇಡುವುದೂ ಉಂಟು.

ಲಡಾಖಿನ ಹಳೆಯ ಮನೆಗಳ ಗೋಡೆಗಳು ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯವು, ದಪ್ಪನೆಯವು. ಶಾಖವನ್ನು ಹಿಡಿದಿಡುವ ಗುಣ ಅವುಗಳಲ್ಲಿ ಮೊದಲೇ ಇತ್ತು. ಇಲ್ಲದ್ದು ಗಾಜು ಮಾತ್ರ. ದಕ್ಷಿಣಕ್ಕೆ ಗಾಜು ಬಂದಾಗ ಆ ಗೋಡೆಗಳೇ ಶಾಖದ ಹುಂಡಿಯಾದವು. ಒಂದು ಸೂಕ್ಷ್ಮವಿದೆ: ಬಿಸಿಲು ನೇರವಾಗಿ ತಾಗುವ ನೆಲದ ಮೇಲೆ ದಪ್ಪ ಜಮಖಾನ ಹಾಸಿದರೆ ಶಾಖ ನೆಲಕ್ಕೆ ಇಳಿಯುವುದಿಲ್ಲ. ನೆಲದ ಮೇಲೆಯೇ ಕೂರುವ ಲಡಾಖಿಗಳಿಗೆ ಜಮಖಾನವಿಲ್ಲದ ಕೋಣೆ ಕೋಣೆಯೇ ಅಲ್ಲ. ಆದ್ದರಿಂದ ಅಂಥ ಮನೆಯಲ್ಲಿ ಶಾಖದ ಕೆಲಸವನ್ನು ಹೆಚ್ಚಾಗಿ ಗೋಡೆಗೇ ವಹಿಸಬೇಕಾಗುತ್ತದೆ.

ಅದಕ್ಕೆ ಹೇಳಿಮಾಡಿಸಿದಂಥದ್ದು ಟ್ರೋಂಬ್ ಗೋಡೆ. ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕನ್ ವಿಜ್ಞಾನಿ 1881ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಹೆಸರು ಉಳಿದದ್ದು ಫ್ರಾನ್ಸಿನ ಫೆಲಿಕ್ಸ್ ಟ್ರೋಂಬ್‌ನದು. ಆತ ವಾಸ್ತುಶಿಲ್ಪಿ ಜಾಕ್ ಮಿಶೆಲ್ ಜೊತೆಗೂಡಿ ಪಿರಿನೀಸ್ ಬೆಟ್ಟಗಳ ಓಡೆಯೊ ಎಂಬಲ್ಲಿ 1967ರಲ್ಲಿ ಇಂಥ ಮನೆಯನ್ನು ಕಟ್ಟಿದ. ರಚನೆ ಬಹಳ ಸರಳ. ದಕ್ಷಿಣಕ್ಕೆ ದಪ್ಪನೆಯ ಗೋಡೆ, ಅದರ ಹೊರಮೈಗೆ ಕಪ್ಪು ಬಣ್ಣ, ಅದರ ಮುಂದೆ ಸುಮಾರು ಅಂಗೈಯಗಲದ ಅಂತರ ಬಿಟ್ಟು ಗಾಜು. ಕಪ್ಪು ಗೋಡೆ ಬಿಸಿಲನ್ನು ಹೀರಿಕೊಳ್ಳುತ್ತದೆ. ಶಾಖ ಗೋಡೆಯ ಒಳಗೆ ನಿಧಾನವಾಗಿ ನಡೆಯುತ್ತದೆ. ಒಂದಡಿ ದಪ್ಪದ ಗೋಡೆಯಾದರೆ ಒಳಮೈಗೆ ತಲಪಲು ಎಂಟು ಹತ್ತು ಗಂಟೆ ಬೇಕಾಗುತ್ತದೆ. ಅಂದರೆ ಮಧ್ಯಾಹ್ನ ಹನ್ನೆರಡರ ಬಿಸಿಲು ರಾತ್ರಿ ಮಲಗುವ ಹೊತ್ತಿಗೆ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಹಾಜರಾಗುತ್ತದೆ. ಹಗಲೂ ಬಿಸಿ ಬೇಕೆಂದಾದರೆ ಗೋಡೆಯ ಅಡಿಯಲ್ಲೂ ಮೇಲೂ ಕಿಂಡಿ ಇಡುತ್ತಾರೆ. ಕೋಣೆಯ ತಣ್ಣನೆಯ ಗಾಳಿ ಕೆಳಗಿನ ಕಿಂಡಿಯಿಂದ ಗಾಜಿನ ಹಿಂದೆ ಹೋಗಿ, ಬಿಸಿಯಾಗಿ ಏರಿ, ಮೇಲಿನ ಕಿಂಡಿಯಿಂದ ಮರಳಿ ಬರುತ್ತದೆ. ರಾತ್ರಿ ಈ ಕಿಂಡಿಗಳನ್ನು ಮುಚ್ಚಲೇಬೇಕು. ಇಲ್ಲದಿದ್ದರೆ ಅದೇ ಗಾಳಿ ತಿರುಗುಮುರುಗಾಗಿ ಹರಿದು ಕೋಣೆಯನ್ನು ತಂಪು ಮಾಡುತ್ತದೆ.

ಲಡಾಖಿನಲ್ಲಿ ಈ ಗೋಡೆಯನ್ನು ಜನರಿಗೆ ಪರಿಚಯಿಸಿದವರಲ್ಲಿ ಹೆಲೆನಾ ನಾರ್ಬರ್ಗ್-ಹಾಜ್ ಮತ್ತು ಅವರ ಜೊತೆಗಾರರು ಪ್ರಮುಖರು. 1983ರಲ್ಲಿ ಹುಟ್ಟಿದ ಲಡಾಖ್ ಇಕಲಾಜಿಕಲ್ ಡೆವಲಪ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆಯ ಮೂಲಕ ಈ ಕೆಲಸ ಮುಂದುವರಿಯಿತು. ಹೊರಗಿನಿಂದ ತರಬೇಕಾದದ್ದು ಗಾಜು ಮತ್ತು ಕಪ್ಪು ಬಣ್ಣ ಮಾತ್ರ, ಉಳಿದದ್ದೆಲ್ಲ ಊರಿನದೇ ಮಣ್ಣು, ಊರಿನದೇ ಮೇಸ್ತ್ರಿ. ಆಮೇಲೆ ಬಂದ ಇನ್ನೊಂದು ಬಗೆ ಮನೆಗೆ ಅಂಟಿಸಿದ ಹಸಿರುಮನೆ. ದಕ್ಷಿಣದ ಗೋಡೆಗೆ ತಾಗಿ ಗಾಜು ಅಥವಾ ಪ್ಲಾಸ್ಟಿಕ್ ಹಾಳೆಯ ಒಂದು ಜಗಲಿಯನ್ನು ಮಾಡುವುದು. ಹಗಲು ಅದರ ಬಿಸಿ ಗಾಳಿ ಬಾಗಿಲ ಮೂಲಕ ಮನೆಯೊಳಗೆ ಬರುತ್ತದೆ, ಹೊರಗೆ ನೀರು ಹೆಪ್ಪುಗಟ್ಟುವ ದಿನಗಳಲ್ಲಿಯೂ ಅಲ್ಲಿ ಸೊಪ್ಪು ಬೆಳೆಯಬಹುದು. ವಸಂತ ಬಂದಾಗ ಪ್ಲಾಸ್ಟಿಕ್ ಸುತ್ತಿ ಇಟ್ಟರಾಯಿತು. ಹಣ ಕಡಿಮೆ ಇರುವವರಿಗೆ ಇದೇ ಸುಲಭ.

ಉಳಿಸಿಕೊಳ್ಳದವನಿಗೆ ಗಳಿಕೆ ಏತಕ್ಕೆ?

ಪಡೆಯುವುದು, ಹಿಡಿದಿಡುವುದು ಆಯಿತು. ಮೂರನೆಯದು ಹೊರಗೆ ಹೋಗದಂತೆ ತಡೆಯುವುದು. ಮಣ್ಣಿನ ಗೋಡೆ ಶಾಖವನ್ನು ಹಿಡಿದಿಡುತ್ತದೆ ನಿಜ, ಆದರೆ ತಡೆಯುವ ಕೆಲಸದಲ್ಲಿ ಅಷ್ಟೊಂದು ಗಟ್ಟಿಯಲ್ಲ. ಈ ಎರಡು ಗುಣಗಳನ್ನು ಒಂದೇ ಎಂದು ತಿಳಿಯುವವರು ಬಹಳ. ಚಹಾ ತುಂಬಿದ ಮಣ್ಣಿನ ಹೂಜಿಗೂ ಫ್ಲಾಸ್ಕಿಗೂ ಇರುವ ವ್ಯತ್ಯಾಸ ಇದು. ಒಣಹುಲ್ಲು, ಮರದ ಹುಡಿ, ಉಣ್ಣೆಯಂಥ ಹಗುರ ವಸ್ತುಗಳು ತಮ್ಮೊಳಗೆ ಗಾಳಿಯನ್ನು ಕದಲದಂತೆ ಹಿಡಿದಿರುವುದರಿಂದ ಶಾಖವನ್ನು ಚೆನ್ನಾಗಿ ತಡೆಯುತ್ತವೆ. ಒತ್ತಾಗಿ ತುಂಬಿದ ಒಣಹುಲ್ಲಿನ ಪದರ ಅಷ್ಟೇ ದಪ್ಪದ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ತಡೆಯಬಲ್ಲದು. ಅದಕ್ಕೆ ಉತ್ತರ, ಪೂರ್ವ, ಪಶ್ಚಿಮದ ಗೋಡೆಗಳನ್ನು ಎರಡು ಪದರ ಮಾಡಿ ನಡುವೆ ಇಂಥದ್ದನ್ನು ತುಂಬುತ್ತಾರೆ. ತೂಕದ ಪದರ ಒಳಗಡೆ ಇರಬೇಕು, ಹೊದಿಕೆಯ ಪದರ ಅದರ ಹೊರಗಡೆ. ಇದನ್ನು ಅದಲುಬದಲು ಮಾಡಿದರೆ ಗೋಡೆ ಹೊರಗಿನ ಚಳಿಯನ್ನು ಕಾಯಿಸುತ್ತಾ ಕೂರುತ್ತದೆ.

ಹಣ ಒಂದೇ ಕಡೆ ಹಾಕಲು ಸಾಧ್ಯ ಎಂದಾದರೆ ಅದನ್ನು ಮಾಡಿಗೆ ಹಾಕಬೇಕು ಎಂದು ನಾವು ಹೇಳುತ್ತೇವೆ. ಬಿಸಿ ಗಾಳಿ ಏರಿ ನಿಲ್ಲುವುದು ಅಲ್ಲಿ. ಹಳೆಯ ಲಡಾಖಿಗಳು ತಾರಸಿಯ ಮೇಲೆ ಮೇವಿನ ಹುಲ್ಲು, ಒಣ ಸೆಗಣಿಯನ್ನು ಒಟ್ಟಿ ಇಡುತ್ತಿದ್ದುದು ಸಂಗ್ರಹಕ್ಕಾದರೂ, ಅದು ಮನೆಗೆ ಹೊದಿಕೆಯೂ ಆಗುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ದನಕರುಗಳನ್ನು ಕಟ್ಟಿ ಮೇಲಿನ ಅಂತಸ್ತಿನಲ್ಲಿ ತಾವಿರುತ್ತಿದ್ದರು, ಆ ಶಾಖವೂ ಲೆಕ್ಕಕ್ಕೆ ಬರುತ್ತಿತ್ತು. ಹೊಸ ಮನೆಯಲ್ಲಿ ದನ ಇಲ್ಲದಿದ್ದರೂ ಉಗ್ರಾಣ, ಮೆಟ್ಟಿಲು, ಬಚ್ಚಲುಗಳನ್ನು ಉತ್ತರಕ್ಕೆ ಸರಿಸಿ ವಾಸದ ಕೋಣೆಗಳನ್ನು ದಕ್ಷಿಣಕ್ಕೆ ಇಡಬಹುದು. ಹೊರಬಾಗಿಲಿಗೆ ಸಣ್ಣದೊಂದು ನಡುಕೋಣೆ ಇಟ್ಟು ಎರಡು ಬಾಗಿಲು ಮಾಡಿದರೆ ಪ್ರತಿ ಸಲ ಬಾಗಿಲು ತೆರೆದಾಗ ಬಿಸಿ ಗಾಳಿ ಪೂರ್ತಿ ಹೊರಟುಹೋಗುವುದಿಲ್ಲ. ಆದರೆ ಸಂದುಗಳನ್ನೆಲ್ಲ ಮುಚ್ಚಿದ ಮನೆಯೊಳಗೆ ಚಿಮಣಿಯಿಲ್ಲದ ಬೆಂಕಿ ಇಡುವುದು ಪ್ರಾಣಕ್ಕೆ ಅಪಾಯ ಎಂಬುದನ್ನು ಮರೆಯಬಾರದು. ಬುಖಾರಿ ಉರಿಸುವುದಾದರೆ ಅದಕ್ಕೆ ಹೊಗೆ ಕೊಳವೆ ಮತ್ತು ಹೊಸ ಗಾಳಿ ಬರುವ ದಾರಿ ಇರಲೇಬೇಕು.

ಗಾಜಿಗಿಂತ ಹೊದಿಕೆ ದೊಡ್ಡದು ಎಂಬುದನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದ್ದು ಕೆನಡಾ. 1977ರಲ್ಲಿ ರೆಜೈನಾ ನಗರದಲ್ಲಿ ಸಸ್ಕಾಚೆವಾನ್ ಕನ್ಸರ್ವೇಶನ್ ಹೌಸ್ ಎಂಬ ಪ್ರಯೋಗದ ಮನೆಯನ್ನು ಕಟ್ಟಿ, ಬಹಳ ದಪ್ಪದ ಹೊದಿಕೆ ಮತ್ತು ಗಾಳಿ ನುಸುಳದ ಕಟ್ಟೋಣದಿಂದ ಬಿಸಿಯ ಖರ್ಚು ಎಷ್ಟು ಕೆಳಗಿಳಿಯುತ್ತದೆ ಎಂದು ತೋರಿಸಿದರು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮೊದಲ ‘ಪ್ಯಾಸಿವ್‌ಹೌಸ್’ ಇದೇ ದಾರಿಯದು. ಅದರ ಮಾನದಂಡದಂತೆ ಬಿಸಿಮಾಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್‌ಗಿಂತ ಹೆಚ್ಚು ಬೇಕಾಗಬಾರದು. ಚಳಿಗಾಲದಲ್ಲಿ ವಾರಗಟ್ಟಲೆ ಮೋಡ ಕವಿಯುವ ಯುರೋಪಿಗೆ ಲಡಾಖಿನ ಟ್ರೋಂಬ್ ಗೋಡೆಯನ್ನು ಹಾಗೆಯೇ ಒಯ್ದರೆ ಸಿಗುವುದು ಸ್ವಲ್ಪವೇ. ಅಲ್ಲಿ ಹೊದಿಕೆ ಮೊದಲು, ಬಿಸಿಲು ಆಮೇಲೆ. ಕೆನಡಾಕ್ಕೋ ಇಂಗ್ಲೆಂಡಿಗೋ ಹೋಗಿ ನೆಲೆಸಿದ ನಮ್ಮವರು ಮನೆ ಬಾಡಿಗೆಗೆ ನೋಡುವಾಗ ದಕ್ಷಿಣದ ಕಿಟಕಿಯ ಜೊತೆ ಬಾಗಿಲ ಸಂದು, ಮಾಡಿನ ಹೊದಿಕೆಗಳನ್ನೂ ವಿಚಾರಿಸುವುದು ಒಳ್ಳೆಯದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇರುವವರಿಗೆ ಮಾತ್ರ ಈ ಲೇಖನದ ‘ದಕ್ಷಿಣ’ವನ್ನೆಲ್ಲ ‘ಉತ್ತರ’ ಎಂದು ಓದಿಕೊಳ್ಳಲು ವಿನಂತಿ. ಅಲ್ಲಿ ನಡುಹಗಲಿನ ಸೂರ್ಯ ಇರುವುದು ಉತ್ತರದಲ್ಲಿ.

ಎರಡು ಶಾಲೆಗಳು

ಲಡಾಖಿಗೆ ಮರಳೋಣ. ಲೇಹ್‌ನಿಂದ ಸುಮಾರು 18 ಕಿಲೋಮೀಟರ್ ದೂರದ ಫೇ ಎಂಬ ಹಳ್ಳಿಯ ಬಳಿ, ಸಿಂಧೂ ನದಿಯ ಸಮೀಪ, ಸೆಕ್ಮೋಲ್ ಎಂಬ ಸಂಸ್ಥೆಯ ಆವರಣವಿದೆ. ಸೋನಂ ವಾಂಗ್‌ಚುಕ್ ಮತ್ತು ಗೆಳೆಯರು 1988ರಲ್ಲಿ ಪ್ರಾರಂಭಿಸಿದ ವಿದ್ಯಾರ್ಥಿ ಚಳವಳಿ ಇದು. ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳಿಗೂ ಇಲ್ಲಿ ಜಾಗವಿದೆ. ಕಟ್ಟಡಗಳು ಅಚ್ಚಿನಲ್ಲಿ ಹಾಕಿ ಗುದ್ದಿ ಗಟ್ಟಿಮಾಡಿದ ಮಣ್ಣಿನವು. ಉತ್ತರದ ಬದಿ ನೆಲದ ಇಳಿಜಾರಿಗೆ ಒರಗಿದೆ, ದಕ್ಷಿಣಕ್ಕೆ ಗಾಜು. ಚಳಿಗಾಲದಲ್ಲಿ ಮುಂದೆ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ ಕಟ್ಟುತ್ತಾರೆ. ಗೋಡೆಯ ಮೇಲೆ ಮಾಡಿನ ಸಂದಿನಲ್ಲಿ ಇಟ್ಟ ಕಿಟಕಿಗಳಿಂದ ಹಿಂದಿನ ಕೋಣೆಗಳಿಗೂ ಬಿಸಿಲು ಇಳಿಯುತ್ತದೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಒಳಗೆ ಉರುವಲಿಲ್ಲದೆ ಸುಮಾರು 15 ಡಿಗ್ರಿ ಇರುತ್ತದೆಂದು ಸಂಸ್ಥೆಯವರು ಹೇಳುತ್ತಾರೆ. 2016ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದ ಮಣ್ಣಿನ ಕಟ್ಟಡಗಳ ಸಮ್ಮೇಳನದಲ್ಲಿ ಇಲ್ಲಿನ ಕಟ್ಟಡಕ್ಕೆ ಅಂತಾರಾಷ್ಟ್ರೀಯ ಟೆರ್ರಾ ಪ್ರಶಸ್ತಿ ಬಂತು.

ಇನ್ನೊಂದು ಶೇ ಎಂಬಲ್ಲಿರುವ ದ್ರುಕ್ ಪದ್ಮ ಕಾರ್ಪೊ ಶಾಲೆ. 2009ರಲ್ಲಿ ಬಂದ ‘ತ್ರೀ ಈಡಿಯಟ್ಸ್’ ಹಿಂದಿ ಚಿತ್ರವನ್ನು ನೋಡಿದವರು ಇದನ್ನು ಈಗಾಗಲೇ ಕಂಡಿದ್ದಾರೆ. ಲಂಡನ್ನಿನ ಅರಪ್ ಸಂಸ್ಥೆಯವರು ಇದರ ವಿನ್ಯಾಸ ಮಾಡಿದರು. ಇಲ್ಲಿ ಗಮನಿಸಬೇಕಾದ ಜಾಣತನವೊಂದಿದೆ. ತರಗತಿಗಳಿಗೆ ಬಿಸಿ ಬೇಕಾದದ್ದು ಬೆಳಗ್ಗೆ, ಮಕ್ಕಳು ಬಂದು ಕೂತ ಕೂಡಲೇ. ಆದ್ದರಿಂದ ಅವುಗಳನ್ನು ನೇರ ದಕ್ಷಿಣಕ್ಕೆ ಇಡದೆ ಸ್ವಲ್ಪ ಪೂರ್ವಕ್ಕೆ ತಿರುಗಿಸಿ, ಬೆಳಗಿನ ಬಿಸಿಲು ಗಾಜಿನಿಂದ ನೇರವಾಗಿ ಒಳಬರುವಂತೆ ಮಾಡಿದ್ದಾರೆ. ವಿದ್ಯಾರ್ಥಿನಿಲಯಕ್ಕೆ ಬಿಸಿ ಬೇಕಾದದ್ದು ರಾತ್ರಿ. ಅಲ್ಲಿ ನೇರ ದಕ್ಷಿಣಕ್ಕೆ ಟ್ರೋಂಬ್ ಗೋಡೆ. ಯಾವ ಕೋಣೆಯನ್ನು ಯಾವ ಹೊತ್ತಿಗೆ ಬಳಸುತ್ತೇವೆ ಎಂದು ಮೊದಲೇ ಕೇಳಿಕೊಂಡು ಕಟ್ಟಿದ ಕಟ್ಟಡ ಎಂದರೆ ಇದು.

ಇಷ್ಟೆಲ್ಲ ಇದ್ದೂ ಲೇಹ್ ಪಟ್ಟಣದಲ್ಲಿ ಇಂದು ಏಳುತ್ತಿರುವ ಅನೇಕ ಹೊಸ ಮನೆಗಳು ಸಿಮೆಂಟ್ ಬ್ಲಾಕಿನವು. ಸಿಮೆಂಟ್ ಕಾಂಕ್ರೀಟಿನ ಮೂಲಕ ಶಾಖ ಮಣ್ಣಿನ ಮೂಲಕ ಹೋಗುವುದಕ್ಕಿಂತ ಬೇಗ ಹೋಗುತ್ತದೆ, ಬ್ಲಾಕಿನ ಗೋಡೆ ಹಳೆಯ ಗೋಡೆಗಿಂತ ತೆಳುವೂ ಆಗಿರುತ್ತದೆ. ಅದಕ್ಕೆ ಚೆಂದಕ್ಕೆಂದು ಎಲ್ಲ ದಿಕ್ಕಿಗೂ ಒಂಟಿ ಗಾಜಿನ ದೊಡ್ಡ ಕಿಟಕಿಗಳು. ಒಳಗೆ ಬುಖಾರಿ ಉರಿಯುತ್ತಲೇ ಇರಬೇಕು. ಆದರೆ ಮಣ್ಣಿನ ಮನೆಯನ್ನು ಬಿಟ್ಟವರನ್ನು ಪ್ರತಿಷ್ಠೆಗೆ ಬಿದ್ದವರೆಂದು ದೂರುವುದು ಸರಿಯಲ್ಲ. 2010ರ ಆಗಸ್ಟ್ 5 ಮತ್ತು 6ರ ನಡುರಾತ್ರಿ ಲೇಹ್‌ನ ಮೇಲೆ ಮೇಘಸ್ಫೋಟವಾಗಿ ಕೆಸರಿನ ಪ್ರವಾಹ ನುಗ್ಗಿತು. ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ಮಣ್ಣಿನ ಇಟ್ಟಿಗೆಯ ಮನೆಗಳು ಕರಗಿ ಕುಸಿದವು. ದ್ರುಕ್ ಶಾಲೆಗೂ ಹಾನಿಯಾಯಿತು. ಮಳೆಯೇ ಇಲ್ಲ ಎಂಬ ಲೆಕ್ಕದಲ್ಲಿ ಕಟ್ಟಿದ ಚಪ್ಪಟೆ ಮಣ್ಣಿನ ತಾರಸಿಯ ಕೆಳಗೆ ಮಲಗುವವರಿಗೆ ಆ ರಾತ್ರಿಯ ಹೆದರಿಕೆ ಸುಲಭವಾಗಿ ಹೋಗುವಂಥದ್ದಲ್ಲ.

ಆದ್ದರಿಂದ ಈಗ ಅಲ್ಲಿ ಬೇಕಾಗಿರುವುದು ಎರಡನ್ನೂ ಹೊಂದಿಸುವ ಮನೆ. ನೀರು ಹರಿಯುವ ತೋಡಿನ ದಾರಿಯಿಂದ ದೂರದ ಜಾಗ, ನೆಲದಿಂದ ಎರಡು ಮೂರು ಅಡಿ ಕಲ್ಲಿನ ಪಂಚಾಂಗ, ಅದರ ಮೇಲೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ, ಭೂಕಂಪವನ್ನು ತಾಳಿಕೊಳ್ಳಲು ಸುತ್ತಲೂ ಮರದ ಅಥವಾ ಕಾಂಕ್ರೀಟಿನ ಕಟ್ಟು, ಗೋಡೆಯಿಂದ ಹೊರಚಾಚಿ ನೀರನ್ನು ದೂರ ಬೀಳಿಸುವ ಮಾಡು. ಈ ಕೊನೆಯದನ್ನು ಮಾತ್ರ ಅವರಿಗೆ ನಮ್ಮ ಕರಾವಳಿಯ ಮೇಸ್ತ್ರಿಗಳೂ ಹೇಳಿಕೊಡಬಲ್ಲರು. ಸಿಮೆಂಟಿನಲ್ಲೇ ಕಟ್ಟಿ ಮುಗಿಸಿದವರಿಗೂ ದಾರಿಯಿದೆ: ಉತ್ತರದ ಕಿಟಕಿಗಳನ್ನು ಕಿರಿದುಮಾಡಿ, ತಾರಸಿಯ ಮೇಲೆ ಹೊದಿಕೆ ಹಾಕಿ, ದಕ್ಷಿಣಕ್ಕೆ ಪ್ಲಾಸ್ಟಿಕ್ಕಿನ ಹಸಿರುಮನೆ ಅಂಟಿಸಿ, ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ರಜಾಯಿಯ ಪರದೆ ಇಳಿಸಿದರೆ ಅದೇ ಚಳಿಗಾಲದಲ್ಲಿ ಬುಖಾರಿಯ ಉರಿ ಕಡಿಮೆಯಾಗುತ್ತದೆ.